ಅತ್ತೆಯ ಮಗನ ಅಸ್ಥಿಮಜ್ಜೆ

ಹನ್ನೊಂದರ ಬಸ್ಸಿಗೆ ಇನ್ನು ಅರ್ಧ ಗಂಟೆ ಇತ್ತು. ದುಂಡೇಶನ ಆಧಾರ್ ಕಾರ್ಡು ಅಜ್ಜಿಯ ಎಲೆ-ಅಡಿಕೆ ಸಂಚಿಯೊಳಗಿತ್ತು. ಸಂಚಿಯ ದಾರವನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು ಭರಮವ್ವ ಕಣಗಲಾದ ಮನೆಯ ಹೊಸ್ತಿಲಿಗೆ ಅಡ್ಡ ಕುಳಿತಿದ್ದಳು.

"ಆಯಿ, ಕಾರ್ಡ್ ಕೊಡು. ಅದಿಲ್ಲಂದ್ರ ದವಾಖಾನ್ಯಾಗ ಒಳಗ ಬಿಡೂದಿಲ್ಲ."

"ಕೊಡತೇನಿ. ನಾ ಏನ್ ಬ್ಯಾಡ ಅಂದೇನೇನು? ಆದ್ರ ಎಲುಬಿನ ರಸ ಕೊಟ್ಟ ಮ್ಯಾಲ ನೀ ಇಕಿಗೆ ಏನಾಗ್ತಿ, ಅದನ್ನಷ್ಟ ಹೇಳಿ ಹೋಗು."

'ಇಕಿ' ಎಂದರೆ ಒಳಗೆ ಮಂಚದ ಮೇಲೆ ಮಾಸ್ಕ್ ಹಾಕಿಕೊಂಡು ಕುಳಿತಿದ್ದ ಮೊಮ್ಮಗಳು ಶಿವಾನಿ. ಹದಿನೇಳು ವರ್ಷ. ಎಂಟು ತಿಂಗಳಿನಿಂದ ಅವಳ ಮೈಯಲ್ಲಿ ಹೊಸ ರಕ್ತ ಹುಟ್ಟುತ್ತಿರಲಿಲ್ಲ; ಬೇರೆಯವರ ಅಸ್ಥಿಮಜ್ಜೆ ಹಾಕದೆ ದಾರಿಯಿಲ್ಲ ಎಂದು ಡಾಕ್ಟರು ಹೇಳಿದ್ದರು. ಒಡಹುಟ್ಟಿದವರಿಲ್ಲ. ಯಾರ ಮಜ್ಜೆ ಹೊಂದುತ್ತದೆಂದು ನೋಡಲು ಹುಕ್ಕೇರಿಯ ದವಾಖಾನೆಯಲ್ಲಿ ಹನ್ನೊಂದು ಮಂದಿ ನೆಂಟರು ಸಾಲಾಗಿ ನಿಂತು, ಬಾಯಿ ತೆರೆದು, ಕೆನ್ನೆಯೊಳಗೆ ಹತ್ತಿಯ ಕಡ್ಡಿ ಆಡಿಸಿಕೊಂಡು ಬಂದಿದ್ದರು. ಹೊಂದಿದ್ದು ಒಬ್ಬನದು ಮಾತ್ರ: ಮೂಡಲಗಿಯಲ್ಲಿ ಮೋಟಾರು ವೈಂಡಿಂಗ್ ಮಾಡುವ, ಹತ್ತೊಂಬತ್ತು ವರ್ಷದ ಅತ್ತೆಯ ಮಗ ದುಂಡೇಶನದು. ಮೂರು ತಲೆಮಾರು ಒಳಗೊಳಗೇ ಹೆಣ್ಣು ಕೊಟ್ಟು ತಂದದ್ದರಿಂದ ಹೀಗೆ ಹೊಂದಿರಬಹುದು ಎಂದರು ಡಾಕ್ಟರು. ಭರಮವ್ವ ಅದನ್ನು ತನ್ನ ಹೆಚ್ಚುಗಾರಿಕೆ ಎಂದೇ ತಿಳಿದು ಓಣಿಗೆಲ್ಲ ಸಕ್ಕರೆ ಹಂಚಿದ್ದಳು.

ತೊಡಕು ಶುರುವಾದದ್ದು ನಿನ್ನೆ. ಇನ್ನು ಮುಂದೆ ಹುಡುಗಿಯ ಮೈಯಲ್ಲಿ ಹುಟ್ಟುವ ರಕ್ತವೆಲ್ಲ ದುಂಡೇಶನದೇ, ಗುಂಪು ಕೂಡ ಬದಲಾಗಿ ಅವನದೇ ಆಗುತ್ತದೆ ಎಂದು ನರ್ಸಮ್ಮ ಫೋನಿನಲ್ಲಿ ಬಿಡಿಸಿ ಹೇಳಿದ್ದಳು. ಶಿವಾನಿಯನ್ನು ತೊಟ್ಟಿಲಿಗೆ ಹಾಕಿದ ದಿನವೇ ಭರಮವ್ವ, ಈ ಕೂಸು ನಿನ್ನ ಸೊಸೆ ಎಂದು ದುಂಡೇಶನ ತಾಯಿ, ತನ್ನ ಮಗಳು ರಾಯವ್ವನಿಗೆ ಮಾತು ಕೊಟ್ಟಿದ್ದಳು.

"ಒಂದ ರಕ್ತ ಅಂದ್ರ ಅಣ್ಣ-ತಂಗಿ," ಅಂದಳು ಭರಮವ್ವ. "ಅಣ್ಣ-ತಂಗಿ ಮ್ಯಾಲ ಲಗ್ನದ ಅಕ್ಕಿಕಾಳ ಹಾಕಾಕ ಬರ್ತೈತೇನು?"

ಒಳಗಿನಿಂದ ಶಿವಾನಿ ಕೂಗಿದಳು. "ಹಂಗಾರ ಇವತ್ತ ಕೊಡಸಬೇ ಆಯಿ! ಜಡ್ಡೂ ಹೋಗ್ತೈತಿ, ಇಂವನೂ ಹೋಗ್ತಾನ."

"ಬಾಳ ಕುಣೀಬ್ಯಾಡ," ಅಂದ ದುಂಡೇಶ. "ನನ್ನ ರಕ್ತ ಬಂದ ಮ್ಯಾಲ ನಿನಗೂ ಗಣಿತದಾಗ ಮೂವತ್ತೈದ ಬೀಳ್ತಾವ."

"ಬುದ್ಧಿ ಎಲುಬಿನಾಗ ಇರೂದಿಲ್ಲೋ. ಇದ್ದಿದ್ರ ನಿನ್ನ ಎಲುಬು ನನಗ್ಯಾಕ ಹೊಂದತಿತ್ತು?"

ಭರಮವ್ವ ನಗಲಿಲ್ಲ. ಸಂಚಿಯ ದಾರವನ್ನು ಇನ್ನೊಂದು ಸುತ್ತು ಸುತ್ತಿದಳು. "ನಗಚಾಟಿಕಿ ಸಾಕು. ನೀನ ಹೇಳು ಶಿವಾನಿ. ಇಂವ ನಿನಗ ಏನಾಗಬೇಕು?"

ಶಿವಾನಿ ಸೂಜಿ ಚುಚ್ಚಿ ನೀಲಿಗಟ್ಟಿದ ಮುಂಗೈಯನ್ನು ದುಪ್ಪಟ್ಟಾದೊಳಗೆ ಎಳೆದುಕೊಂಡಳು.

"ಏನರ ಆಗಾಕ ಮೊದಲ ನಾ ಇರಬೇಕಲ್ಲ, ಆಯಿ."

ಅಡುಗೆಮನೆಯಲ್ಲಿ ಶಿವಾನಿಯ ತಾಯಿ ನಾಗರತ್ನಾ ರೊಟ್ಟಿ ಬಡಿಯುತ್ತಿದ್ದ ಸದ್ದೊಂದೇ, ಅಳತೆ ತಪ್ಪಿದಂತೆ, ಕೇಳುತ್ತಿತ್ತು.

ದುಂಡೇಶ ಹೊಸ್ತಿಲ ಹತ್ತಿರ ಕುಕ್ಕರಗಾಲಲ್ಲಿ ಕುಳಿತ. ಅವನ ಮೂಗಿನ ತುದಿ ಕೆಂಪಾಗಿತ್ತು. ಸಣ್ಣವನಿದ್ದಾಗಿನಿಂದ ಮದುವೆ ಮನೆಗಳಲ್ಲಿ ಎಲ್ಲರೂ ಇವಳ ಹೆಸರು ಹಿಡಿದು ತನ್ನನ್ನು ಕಾಡಿಸುತ್ತಿದ್ದುದು ಅವನಿಗೆ ಅಷ್ಟೇನೂ ಬೇಸರದ ವಿಷಯವಾಗಿರಲಿಲ್ಲ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ಈಗಲೂ ಹೇಳಲಿಲ್ಲ.

"ಅಣ್ಣ ಆಗ್ತೇನಿ," ಅಂದ. "ಬರಕೋ."

"ರಾಯವ್ವಗ ನಾ ಏನ್ ಹೇಳ್ಲಿ?"

"ಅವ್ವಗ ನಾ ಹೇಳ್ಕೋತೇನಿ. ನೀ ಕಾರ್ಡ್ ತಗಿ."

ಭರಮವ್ವ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ದಾರ ಬಿಚ್ಚಿ, ಕಾರ್ಡು ತೆಗೆದು, ಅದಕ್ಕೆ ಹತ್ತಿದ್ದ ಸುಣ್ಣವನ್ನು ಸೆರಗಿನಿಂದ ಒರೆಸಿ ಅವನ ಕೈಗಿಟ್ಟಳು. ಹೊಸ್ತಿಲು ಬಿಟ್ಟು ಸರಿದು ಕುಳಿತಳು.

"ಅಣ್ಣ ಅಂತ ಬಾಯಿಲೆ ಅಂದ್ರ ಮುಗೀತೇನು?" ಶಿವಾನಿ ಮತ್ತೆ ಕೆಣಕಿದಳು.

ಬ್ಯಾಗು ಹೆಗಲಿಗೇರಿಸಿದ್ದ ದುಂಡೇಶ ತಿರುಗಿ ನಿಂತ. "ಇಲ್ಲ. ನೀ ಯಾರನ್ನರ ಲಗ್ನಾ ಆಗು. ಗೋಕಾಕಕ್ಕ ಹೋಗು, ಸೊಲ್ಲಾಪುರಕ್ಕ ಹೋಗು. ಪಂಚಮಿ ಹಬ್ಬಕ್ಕ ನಿನ್ನ ತವರಮನಿಗೆ ಕರಕೊಂಡ ಬರಾಕ ನಾನ ಬರ್ತೇನಿ. ಪ್ರತಿ ವರ್ಷಾ ಬರ್ತೇನಿ."

"ವರ್ಷಾ?"

"ವರ್ಷಾ. ನಿನ್ನ ಹಲ್ಲ ಬಿದ್ದು ಶೇಂಗಾ ಉಂಡಿ ಕಡಿಯಾಕ ಬರದಂಗ ಆಗೂತನಕ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಎಂಟು ತಿಂಗಳಿಂದ ಆ ಮನೆಯಲ್ಲಿ ಮುಂದಿನ ವಾರದ ರಕ್ತಪರೀಕ್ಷೆಯಾಚೆಗಿನ ಮಾತನ್ನು ಯಾರೂ ಆಡಿರಲಿಲ್ಲ.

ಶಿವಾನಿ ಮಾಸ್ಕನ್ನು ಕಣ್ಣಿನ ತನಕ ಎಳೆದುಕೊಂಡಳು.

"ಹಲ್ಲ ಬಿದ್ದ ಮ್ಯಾಲ ಬೇಸನ್ ಉಂಡಿ ತರಬೇಕು," ಅಂದಳು. "ಬರಿಗೈಲೆ ಬಂದ್ರ ಬಾಗಲಾ ತಗಿಯೂದಿಲ್ಲ."