ತಿರುವಿಗೆ ಮುಂಚೆ ಚಾಚಿದ ಕೈ

"ಭಾನುವಾರಾನೂ ಪ್ರಿಂಟಿಂಗ್ ಪ್ರೆಸ್ಸಿಗೆ ಇಸ್ತ್ರಿ ಅಂಗಿನಾ?" ಎಂದಳು ಹೆಂಡತಿ.

"ಕೆಲಸ ಜಾಸ್ತಿ ಇದೆ ಕಣೇ," ಎನ್ನುತ್ತ ಗಂಡ ಹೆಲ್ಮೆಟ್ಟಿನ ಪಟ್ಟಿ ಬಿಗಿದು ಸೈಕಲ್ ಹತ್ತಿದ.

ಅವಳು ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಯ ಮರೆಗೆ ನಿಂತಳು. ತಿಂಗಳಿಂದ ಭಾನುವಾರವೆಲ್ಲ ಇದೇ ಕಥೆ; ಅಂಗಿಗೆ ಒಂದು ಹನಿ ಶಾಯಿಯೂ ತಾಗಿರುವುದಿಲ್ಲ. ಯಾವಳ ಮನೆಗೆ ಹೋಗುತ್ತಾನೋ. ಪ್ರೆಸ್ಸಿಗಾದರೆ ಎಡಕ್ಕೆ ತಿರುಗಬೇಕು. ತಿರುಗುವುದು ಮಾತ್ರ ಇಲ್ಲಿಂದ ಕಾಣದು, ಮೂಲೆಯ ಕಟ್ಟಡ ಅಡ್ಡ.

ಆದರೆ ರಸ್ತೆ ನಿಯಮವೆಂದರೆ ಅವನಿಗೆ ಪ್ರಾಣ. ನರಪಿಳ್ಳೆಯಿಲ್ಲದ ರಸ್ತೆಯಲ್ಲೂ ಕೈ ತೋರಿಸದೆ ತಿರುಗಿದವನಲ್ಲ. ಇವತ್ತೂ ಅಷ್ಟೇ: ಒಮ್ಮೆ ಹಿಂದೆ ನೋಡಿದ, ತಿರುವು ಇನ್ನೂ ದೂರವಿರುವಾಗಲೇ ಬಲಗೈ ನೀಟಾಗಿ ಚಾಚಿದ.

ಬಲಕ್ಕೆ ಅವರಿಗೆ ಗೊತ್ತಿದ್ದ ಮನೆ ಒಂದೇ, ಹೇಳದೆ ಕೇಳದೆ ಮದುವೆಯಾದ ಮಗಳದು. "ಆ ಹೊಸಿಲು ತುಳಿದವರು ನನ್ನ ಮುಖ ನೋಡ್ಬೇಡಿ" ಎಂದು ಹಾರಾಡಿದ್ದವನು ಇವನೇ. ಹೆಂಡತಿಗೆ ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು. ಪ್ರತಿ ಬುಧವಾರ ತಾನು ಅಲ್ಲಿಗೆ ಕದ್ದು ಹೋದಾಗ ಮಗಳು ಅಪ್ಪನ ಸುದ್ದಿಯನ್ನೇ ಎತ್ತಿರಲಿಲ್ಲ. ಹಾಗಾದರೆ ಅಪ್ಪನ ಮುಂದೆ ಅಮ್ಮನ ಸುದ್ದಿ ಎತ್ತಿದ್ದಾಳೋ, ಅದನ್ನೂ ಮುಚ್ಚಿಟ್ಟಿದ್ದಾಳೋ.