ಧಾರೆ ಸೀರೆಯ ಬೀದಿ

ಬೆಂಗಳೂರು ದಂಡಿನ, ಅಂದರೆ ಕಂಟೋನ್ಮೆಂಟಿನ, ದೊಡ್ಡ ಬೀದಿಯಲ್ಲಿದ್ದ ಗಾಜಿನ ಕಿಟಕಿಯ ಸೀರೆ ಅಂಗಡಿಯವನು ಮೇಜಿನ ಮೇಲೆ ಸೀರೆ ನೂಕಿದ. ಮಗಳ ಧಾರೆ ಸೀರೆಗೆಂದು ಅಜ್ಜಂಪುರದಿಂದ ರೈಲು ಹತ್ತಿ ಬಂದಿದ್ದ ಗುರುಶಾಂತಮ್ಮ ಕೈ ಚಾಚಲಿಲ್ಲ.

"ತಗೊಳ್ಳಿ ಅತ್ತೆ, ಇದಕ್ಕಿಂತ ದೊಡ್ಡ ಬೀದಿ ಬೆಂಗಳೂರಲ್ಲೇ ಇಲ್ಲ," ಎಂದಳು ಪೇಟೆ ತೋರಿಸಲು ಬಂದಿದ್ದ ಅಣ್ಣನ ಮಗಳು ನೀಲಾ.

"ಧಾರೆ ಸೀರೆ ಕೂತು ಸೆರಗಲ್ಲಿ ಈಸ್ಕೋಬೇಕು ಕಣೇ. ಕೂರಾಕೊಂದು ಚಾಪೆ ಇಲ್ದಿರೋದು ಎಂಥಾ ದೊಡ್ಡ ಬೀದಿ? ನಡಿ."

ಅಂಗಡಿಯವನೆದುರು ಅತ್ತೆಯ ಮಾತಿಗೆ ನಾಚಿ ನೀಲಾ ಹಿಂದೆ ನಡೆದಳು.

ಚಿಕ್ಕಪೇಟೆಯ ಓಣಿಯಲ್ಲಿ ಮುದುಕ ವ್ಯಾಪಾರಿಯೊಬ್ಬ ಜಮಖಾನ ಹಾಸಿ ಕೂರಿಸಿದ. ಆರಿಸಿದ ಸೀರೆಯ ಅಂಚಿಗೆ ಕುಂಕುಮ ಹಚ್ಚಿ, "ಮಗು ತಂಪಾಗಿ ಬಾಳಲಿ ತಾಯಿ," ಎಂದು ಎರಡೂ ಕೈಯಲ್ಲಿ ನೀಡಿದ. ಗುರುಶಾಂತಮ್ಮ ಸೆರಗೊಡ್ಡಿದಳು.

ಹೊರಗೆ ಬಂದಾಗ ಸೀರೆಯ ಗಂಟು ನೀಲಾಳ ಕಂಕುಳಲ್ಲಿತ್ತು. ಎದುರಾದ ತನ್ನ ನೆರೆಮನೆಯಾಕೆಗೆ ಅವಳು ತಾನಾಗಿಯೇ ಹೇಳಿದಳು: "ನಮ್ಮತ್ತೆ ಕಣ್ರೀ, ಅಜ್ಜಂಪುರದವ್ರು. ನಂಗೆ ಪೇಟೆ ತೋರಿಸ್ತಾ ಇದಾರೆ."