ಏನಾಗಬೇಕು
"ನನ್ನ ಹೆಂಡ್ತಿ ಎಲ್ಲಿ? ಕಾಫಿ ಅವಳೇ ತರ್ಲಿ," ಎಂದು ಪೂರ್ಣೇಶ ಹಜಾರದಿಂದ ಕೂಗಿದ. ಸೋದರಮಾವನ ಹಳೇ ತಮಾಷೆ. ಹನ್ನೊಂದು ವರ್ಷದ ಚೈತ್ರಾಳಿಗೆ ಅದು ತೊಟ್ಟಿಲಲ್ಲೇ ಶುರುವಾಗಿತ್ತು. ಅಡುಗೆಮನೆಯಲ್ಲಿದ್ದ ಅವನ ಅಕ್ಕ, ಚೈತ್ರಾಳ ತಾಯಿ ಮಂಜುಶ್ರೀ ಎಂದಿನಂತೆ ನಕ್ಕಳು. ಅವಳು ಸಾಗರದ ಮನೆಯಲ್ಲಿ ನಕ್ಕರೆ ತಾಳಗುಪ್ಪದಲ್ಲಿ ನಿಂತ ರೈಲು ಸಿಗ್ನಲ್ ಸಿಕ್ಕಿತೆಂದು ಹೊರಟೇಬಿಡುತ್ತದೆ, ಅಂಥ ಗಂಟಲು.

ಮಗಳ ಕೈಗೆ ಲೋಟ ಕೊಡುವಾಗ ಮಂಜುಶ್ರೀಯ ಕಣ್ಣು ಅವಳ ಅಂಗಿಯ ಮೇಲೆ ಬಿತ್ತು. ಕುತ್ತಿಗೆಯಿಂದ ಸೊಂಟದವರೆಗೆ ಪಿನ್ನುಗಳು, ಪೇಟೆಯ ಅಂಗಡಿಗಳನ್ನೆಲ್ಲ ಖಾಲಿ ಮಾಡಿ ತಂದಷ್ಟು.

"ಇದೆಂತದೇ ಇಷ್ಟು ಪಿನ್ನು?"

"ಮಾವ ಬಂದಾಗೆಲ್ಲ ಹಾಕ್ಕೊಳ್ತೀನಮ್ಮ. ಕೈ ಹಾಕಿದ್ರೆ ಚುಚ್ಲಿ ಅಂತ. ನಿಂಗೆ ಹೇಳಣ ಅಂದ್ರೆ, ನೀನು ನಗ್ತೀಯಲ್ಲ."

ಮಂಜುಶ್ರೀಯ ನಗು ಗಂಟಲಲ್ಲೇ ಸುಟ್ಟು ಬೂದಿಯಾಯಿತು. ಲಿಂಗನಮಕ್ಕಿ ಅಣೆಕಟ್ಟಿನ ಅಷ್ಟೂ ನೀರು ಸುರಿದರೂ ಆರದಂಥ ಸಿಟ್ಟು ನೆತ್ತಿಗೇರಿತು, ಅರ್ಧ ತಮ್ಮನ ಮೇಲೆ, ಅರ್ಧ ತನ್ನ ಮೇಲೆ. "ನಿನ್ನ ತಪ್ಪಲ್ಲ ಪುಟ್ಟಿ," ಎಂದವಳೇ ಮಗಳನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡು ಹಜಾರಕ್ಕೆ ಬಂದಳು. ಅಲ್ಲಿ ಕೂತಿದ್ದ ತಮ್ಮ, ತಾಯಿ ಎಲ್ಲರೆದುರೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಮಗಳು ಹೇಳಿದ್ದನ್ನು ಹಾಗೇ ಹೇಳಿದಳು.

"ಮನೆ ಮಾತು ಕಣೇ ಇದು. ಅವನು ನಿನ್ನ ಒಡಹುಟ್ಟಿದವ," ಎಂದು ತಾಯಿ ಮಾಸ್ತಮ್ಮ ಫೋನ್ ಕಸಿಯಲು ಬಂದರು. ಮಂಜುಶ್ರೀ ಆ ಕೈಯನ್ನು ಸರಿಸಿದಳು.

"ಅವರು ಮಗುಗೆ ಏನಾಗ್ಬೇಕು ಮೇಡಂ?" ಎಂದು ಅತ್ತಲಿಂದ ಕೇಳಿದರು.

ಮಂಜುಶ್ರೀ ತಮ್ಮನ ಮುಖವನ್ನೇ ನೋಡುತ್ತ, ರೈಲು ಹೊರಡಿಸುವ ಆ ಗಂಟಲಲ್ಲೇ ಹೇಳಿದಳು: "ಇಷ್ಟು ದಿನ ಮಾವ ಆಗ್ಬೇಕಿತ್ತು. ಇನ್ನು ಏನೂ ಆಗ್ಬೇಕಿಲ್ಲ. ಹೆಸರು ಬರ್ಕೊಳ್ಳಿ."